ಕೈ ಸೋಕದ್ದು

"ಕೈ ಒಳಗಿಟ್ಕೊಳೇ! ಅದೇನು ಕೈಯಾ, ಕಿತ್ತೋಗಿರೋ ಚಪ್ಪಲಿನಾ? ಇವತ್ತು ಬರೋರು ಇದನ್ನ ನೋಡಿದ್ರೆ ಇಲ್ಲೇ ವಾಂತಿ ಮಾಡ್ಕೋತಾರೆ."

ಬೈದು ಮುಗಿಸಿ ಸೂಪರ್‌ವೈಸರ್ ಬಾಗಿಲೆಳೆದ. ಹೊರಗಿನಿಂದ ಬೀಗ ಬಿದ್ದ ಸದ್ದಾಯಿತು. ಸುಲಿಯುವ ಕೋಣೆಯಲ್ಲಿ ಉದ್ದಕ್ಕ ಒಬ್ಬಳೇ ಉಳಿದಳು.

ಎಲ್ಲರಿಗಿಂತ ಒಂದು ಗೇಣು ಎತ್ತರ ಎಂದು ಜೊತೆಯ ಹೆಂಗಸರು ಇಟ್ಟ ಹೆಸರು ಅದು. ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಅವಳು ತೀರಿಹೋಗಿ ಎರಡು ವರ್ಷವಾಗಿತ್ತು.

ಗೋಡೆಯ ಆಚೆ ದೊಡ್ಡ ಹಾಲ್. ಅಲ್ಲಿ ಚೀಸಿನ ಗಟ್ಟಿಗಳನ್ನು ಅರೆದು, ಹಾಲಿನ ಪುಡಿ, ಉಪ್ಪು ಬೆರೆಸಿ ಕೊಪ್ಪರಿಗೆಯಲ್ಲಿ ಕರಗಿಸುತ್ತಿದ್ದರು. ಕುದಿ ಬಂದದ್ದು ಕೊಳವೆಯಲ್ಲಿ ಇಳಿದು, ಬೆಳ್ಳಿ ಬಣ್ಣದ ತೆಳು ಲೋಹದ ಹಾಳೆಯ ಪುಟ್ಟ ಬಟ್ಟಲಿಗೆ ಬೀಳುತ್ತಿತ್ತು. ಮೆಷಿನ್ನೇ ಹಾಳೆ ಮಡಚಿ, ಎಳೆದು ಬಿಚ್ಚಲು ಒಂದು ಕೆಂಪು ದಾರವಿಟ್ಟು ಮುಚ್ಚುತ್ತಿತ್ತು. ಒಂದು ಮಗುವಿಗೆ ಒಂದು ತುಂಡು. ಮಡಿಕೆ ಸೊಟ್ಟಗಾದದ್ದನ್ನೂ ದಾರ ತಪ್ಪಿದ್ದನ್ನೂ ಅದೇ ಮೆಷಿನ್ ಪಕ್ಕಕ್ಕೆ ನೂಕುತ್ತಿತ್ತು. ಅವು ಇಳಿಜಾರು ತಗಡಿನ ಮೇಲೆ ಜಾರಿ, ಗೋಡೆಯ ಅಗಲ ಕಿಂಡಿಯ ರಬ್ಬರ್ ಪರದೆ ತಳ್ಳಿಕೊಂಡು ಈ ಕೋಣೆಯ ತೊಟ್ಟಿಗೆ ಬೀಳುತ್ತಿದ್ದವು. ಅವನ್ನು ಸುಲಿದು ಮತ್ತೆ ಕೊಪ್ಪರಿಗೆಗೆ ಕಳಿಸಬೇಕು. ಹೊದಿಸಲು ಮೆಷಿನ್ ಇತ್ತು, ಸುಲಿಯಲು ಇರಲಿಲ್ಲ. ಸುಲಿಯಲು ನಾಲ್ವರು ಹೆಂಗಸರಿದ್ದರು.

ಕೈಗವಸು ಹಾಕಿದರೆ ಹಾಳೆಯ ಅಂಚು ಸಿಗುವುದಿಲ್ಲ. ಬರಿಗೈಯಲ್ಲಿ ಸುಲಿದರೆ ಅಂಚು ಬೆರಳನ್ನೇ ಸೀಳುತ್ತದೆ. ಗಾಯಕ್ಕೆ ಉಪ್ಪು ಸವರುವುದೆಂದರೆ ಊರಿಗೆಲ್ಲ ಗಾದೆ, ಇವಳಿಗೆ ದಿನಗೂಲಿ. ಮೇಲೆ ಚೀಸು ಮೆತ್ತಗಾಗಬಾರದೆಂದು ಕೋಣೆಗೆ ತಣ್ಣನೆ ಗಾಳಿ ಬೇರೆ. ಒಂಬತ್ತು ವರ್ಷದಲ್ಲಿ ಅವಳ ಹತ್ತು ಬೆರಳಿನ ಗುರುತೂ ಸವೆದುಹೋಗಿ, ಹಾಜರಿ ಮೆಷಿನ್ ಅವಳನ್ನು ಗುರುತಿಸುವುದನ್ನೇ ಬಿಟ್ಟಿತ್ತು.

ಕೆಲಸ ಮುಗಿಸಿ ಅವಳು ಹೋಗುತ್ತಿದ್ದುದು ಒಂದು ಮಂಚಕ್ಕೆ. ಆರು ಮಂಚದ ಆ ಕೋಣೆಯಲ್ಲಿ ಹನ್ನೆರಡು ಹೆಂಗಸರು, ಪಾಳಿಯ ಮೇಲೆ ನಿದ್ದೆ. ಇವಳು ಮಲಗುವ ಹೊತ್ತಿಗೆ ಇನ್ನೊಬ್ಬಳು ಎದ್ದು ಹೋಗಿರುತ್ತಿದ್ದಳು. ನಾಲ್ಕು ವರ್ಷದಲ್ಲಿ ಅವಳ ಮುಖ ನೋಡಿದ್ದಿಲ್ಲ. ಹಾಸಿಗೆಯಲ್ಲಿ ಇನ್ನೂ ಆರದ ಬಿಸುಪು, ದಿಂಬಿನ ಮೇಲೆ ಒಂದೆರಡು ಉದ್ದ ಕೂದಲು. ಆ ಬಿಸುಪಿನಲ್ಲೇ ಉದ್ದಕ್ಕ ಕೈಗಳನ್ನು ಹುದುಗಿಸಿ ಮಲಗುತ್ತಿದ್ದಳು. ದಿನಕ್ಕೊಮ್ಮೆ ಸಿಗುತ್ತಿದ್ದ ಮನುಷ್ಯರ ಬಿಸಿ ಅದೊಂದೇ.

ಇಂದು ಅಂಗಡಿಯವರು, ಮಕ್ಕಳ ತಾಯಂದಿರು ಫ್ಯಾಕ್ಟರಿ ನೋಡಲು ಬರುವವರಿದ್ದರು. ಹೊಸ ಜಾಹೀರಾತು ಬಂದಿತ್ತು: ಗುಂಗುರು ಕೂದಲಿನ ಮಗು, ಅದರ ಅಂಗೈಲೊಂದು ತುಂಡು, ಕೆಳಗೆ ದೊಡ್ಡ ಅಕ್ಷರದಲ್ಲಿ 'ಯಾರ ಕೈಯೂ ಸೋಕಿಲ್ಲ. ಮೊದಲು ಮುಟ್ಟುವುದು ನಿಮ್ಮ ಕಂದ!'

"ನಾಳೆ ನೀವು ಮೂವರು ಬರ್ಬೇಡಿ," ಎಂದಿದ್ದ ಸೂಪರ್‌ವೈಸರ್ ನಿನ್ನೆ. "ಉದ್ದಕ್ಕ ಒಬ್ಳು ಸಾಕು. ಅವಳಿಗೆ ಹಿಂದಿಲ್ಲ ಮುಂದಿಲ್ಲ. ಏನಾದ್ರೂ ಯಾರ ಹತ್ರ ಹೋಗಿ ಹೇಳ್ತಾಳೆ?"

ಮೂವರೂ ಸೆರಗು ಕೊಡವಿಕೊಂಡು ಹೊರಟಿದ್ದರು. ಒಬ್ಬಳೂ ತಿರುಗಿ ನೋಡಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಬಿದ್ದ ಬೀಗವನ್ನು ಮಧ್ಯಾಹ್ನ ಒಂದು ಗಂಟೆಯಾದರೂ ಯಾರೂ ತೆಗೆಯಲಿಲ್ಲ. ನಾಲ್ಕು ಜನರ ತೊಟ್ಟಿ ಒಬ್ಬಳ ಮುಂದೆ ತುಂಬುತ್ತಲೇ ಇತ್ತು. ಕಿಬ್ಬೊಟ್ಟೆ ಬಿಗಿದು, ಕಾಲು ಕಾಲಿಗೆ ಒತ್ತಿ ನಿಂತಳು. ಕೊನೆಗೆ ಬಾಗಿಲು ಬಡಿದಳು. ಬಡಿದೇ ಬಡಿದಳು.

ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. "ಏನೇ ರಂಡೆ, ಪ್ರಾಣ ಹೋಗೋ ಥರ ಬಡೀತೀಯಲ್ಲ!"

"ಪಾಯಿಖಾನೆಗೆ ಹೋಗ್ಬೇಕು ಸಾರ್. ಎರಡೇ ನಿಮಿಷ."

"ಅವರು ಹಾಲ್‌ನಲ್ಲಿ ನಿಂತವ್ರೆ. ಅವರ ಮಧ್ಯದಲ್ಲಿ ನಿನ್ನ ಮೆರವಣಿಗೆ ಮಾಡಿಸ್ಲಾ?"

"ಆಗ್ತಿಲ್ಲ ಸಾರ್. ನಿಮ್ ಕಾಲಿಗೆ ಬೀಳ್ತೀನಿ."

ಅವನು ಸುತ್ತ ನೋಡಿ, ಬಾಗಿಲನ್ನು ಇನ್ನಷ್ಟು ಸರಿಸಿ, ಪಕ್ಕದಲ್ಲಿದ್ದ ಖಾಲಿ ತಗಡಿನ ಡಬ್ಬವೊಂದನ್ನು ಬೂಟುಗಾಲಿನಿಂದ ಒಳಗೆ ನೂಕಿದ. "ತಗೋ. ಇದ್ರಲ್ಲೇ ಉಚ್ಚೆ ಹುಯ್ಕೋ. ತೊಳ್ಯೋಳೂ ನೀನೇ ತಾನೇ?"

ಮತ್ತೆ ಬೀಗ.

ಚೀಸು ತುಂಬುವ ಡಬ್ಬ. ಅದರ ಮೈಮೇಲೆ ಜಾಹೀರಾತಿನ ಅದೇ ಗುಂಗುರು ಕೂದಲಿನ ಮಗು ನಗುತ್ತಿತ್ತು. ಉದ್ದಕ್ಕ ಅದನ್ನೇ ನೋಡುತ್ತ ನಿಂತಳು. ಸೀರೆಯ ನೆರಿಗೆಗೆ ಕೈ ಹೋಯಿತು. ಅಲ್ಲೇ ನಿಂತಿತು.

ಕಿಂಡಿಯಾಚೆಯಿಂದ, ಬಂದವರಿಗೆ ಫ್ಯಾಕ್ಟರಿ ತೋರಿಸುತ್ತಿದ್ದ ಜಾಹೀರಾತಿನ ಸಾಹೇಬರ ಜೇನಿನಂಥ ದನಿ ಕೇಳಿಸಿತು: "ನೋಡಿ ಮೇಡಂ, ಇಲ್ಲಿಂದ ಅಲ್ಲೀವರೆಗೂ ಬರೀ ಮೆಷಿನ್ನು. ಮನುಷ್ಯರ ಕೈ ಅನ್ನೋದು ಇದಕ್ಕೆ ಸೋಕೋದೇ ಇಲ್ಲ."

"ಅಬ್ಬ, ಅದೊಂದು ಸಮಾಧಾನ," ಎಂದಳು ಒಬ್ಬ ಹೆಂಗಸು. "ಯಾರ್ಯಾರ ಕೈ ಎಂಥದೋ ಏನೋ."

ಉದ್ದಕ್ಕ ಸೀಳಿದ ಬೆರಳುಗಳಿಗೆ ಸುತ್ತಿಕೊಂಡಿದ್ದ ಬಟ್ಟೆಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಬಿಸಾಕಿದಳು. ಡಬ್ಬ ಬೋರಲು ಹಾಕಿ ಅದರ ಮೇಲೆ ಹತ್ತಿ, ರಬ್ಬರ್ ಪರದೆ ಸರಿಸಿ ಕಿಂಡಿಯೊಳಗೆ ತಲೆ ತೂರಿಸಿದಳು. ತಗಡು ನುಣ್ಣಗಿತ್ತು, ಮೇಲಿನಿಂದ ಸೊಟ್ಟ ತುಂಡುಗಳು ಬಂದು ಹಣೆಗೆ ಬಡಿದವು. ಮೊಣಕೈ ಊರಿ ಊರಿ ಮೇಲಕ್ಕೆ ತೆವಳಿ, ಹಾಲ್‌ನ ಬೆಳಕಿಗೆ ಧೊಪ್ಪನೆ ಬಿದ್ದಳು.

ಬಿಳಿ ಕೋಟು, ಬಿಳಿ ಟೋಪಿಯ ಇಪ್ಪತ್ತು ಜನ ಹೌಹಾರಿ ಹಿಂದೆ ಸರಿದರು.

ಸಾಹೇಬರು ಮೊದಲು ಚೇತರಿಸಿಕೊಂಡರು. "ಏನಿಲ್ಲ, ಏನಿಲ್ಲ. ಕ್ಲೀನಿಂಗ್‌ನವರು..."

"ಕ್ಲೀನಿಂಗ್ ಅಲ್ಲ. ಸುಲಿಯೋಳು," ಎಂದಳು ಉದ್ದಕ್ಕ ಎದ್ದು ನಿಂತು. ಒಂಬತ್ತು ವರ್ಷದಲ್ಲಿ ಆ ಹಾಲ್‌ನಲ್ಲಿ ಅವಳ ದನಿ ಎದ್ದದ್ದು ಅದೇ ಮೊದಲು. ಕೊಪ್ಪರಿಗೆಯವನು ಕೆಲಸ ಬಿಟ್ಟು ಬಗ್ಗಿ ನೋಡಿದ. "ನಿಮ್ ಮಕ್ಳು ತಿನ್ನೋದನ್ನ ದಿನಾ ಮುಟ್ತೀನಿ. ಈ ಕೈಲೇ."

ಅತಿಥಿಗಳಿಗೆ ರುಚಿ ನೋಡಲೆಂದು ಇಟ್ಟಿದ್ದ ತಟ್ಟೆಯಿಂದ ಒಂದು ತುಂಡೆತ್ತಿ, ದಾರ ಮುಟ್ಟದೆ, ಒಂದೇ ಎಳೆತಕ್ಕೆ ಹಾಳೆ ಸುಲಿದು ಅಂಗೈಮೇಲಿಟ್ಟು ಚಾಚಿದಳು. ತಾಯಿಯ ಜೊತೆ ಬಂದು ಮುಂದೆ ನಿಂತಿದ್ದ ಪುಟ್ಟ ಹುಡುಗಿ ಕೈ ನೀಡಿದಳು. ತಾಯಿ ಆ ಕೈಗೆ ಫಟ್ಟನೆ ಹೊಡೆದಳು. ಮಗು ಅಳಲಿಲ್ಲ, ಹೊಡೆದದ್ದೇಕೆಂದು ತಿಳಿಯದೆ ತಾಯಿಯ ಮುಖ ನೋಡಿತು.

ಉದ್ದಕ್ಕ ತುಂಡನ್ನು ತಟ್ಟೆಗೇ ಹಾಕಿದಳು, ಉಳಿದವುಗಳ ಜೊತೆ.

"ಪಾಯಿಖಾನೆ ಎಲ್ಲಿ?" ಎಂದಳು. "ನಿಮ್ಮದು."

ಯಾರೋ ಕಣ್ಣಲ್ಲೇ ಬಾಗಿಲು ತೋರಿಸಿದರು. ಆಚೆ ತುದಿಯಿಂದ ಸೂಪರ್‌ವೈಸರ್ ಓಡಿ ಬರುತ್ತಿದ್ದ. ಅವಳು ಹೆಜ್ಜೆ ಇಟ್ಟೊಡನೆ, ಎಲ್ಲಿ ತಾಗಿಬಿಡುತ್ತಾಳೋ ಎಂದು ಜನ ಎರಡೂ ಕಡೆ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಉದ್ದಕ್ಕ ತನ್ನ ಉದ್ದನೆಯ ಕೈಗಳೆರಡನ್ನೂ ಅಗಲಿಸಿ, ಎಡದ ಕೋಟು, ಬಲದ ಕೋಟು, ಒಂದನ್ನೂ ಬಿಡದೆ ಮುಟ್ಟುತ್ತಾ ನಡೆದಳು.