ಅರ್ಧ ಬಾಡಿಗೆಯ ಊರು

"ಇನ್ನೂರು ಯಾಕೆ ಕೊಡ್ತೀರಿ ಅಣ್ಣ? ಇಲ್ಲಿ ಕಟಿಂಗಿಗೆ ನೂರೇ," ಎಂದು ಅಂಗಡಿಯವನು ಅರ್ಧ ದುಡ್ಡನ್ನು ಹಿಂದಕ್ಕೆ ಕೊಟ್ಟ.

ಕುರ್ಚಿಯಿಂದ ಎದ್ದವನೂ ಕ್ಷೌರಿಕನೇ. ಇಪ್ಪತ್ತೆರಡು ವರ್ಷದಿಂದ ದೊಡ್ಡ ನಗರದಲ್ಲಿ ಬೇರೆಯವರ ತಲೆಗೆ ಕತ್ತರಿ ಆಡಿಸುತ್ತಿದ್ದವನು ಇಂದು ತನ್ನ ತಲೆಯನ್ನೇ ಒಪ್ಪಿಸಿ ಕೂತದ್ದು ಇಲ್ಲಿಯ ದರ ತಿಳಿಯಲೆಂದು. ಅಲ್ಲಿ ಹೆಂಡತಿ, ಮಗಳು, ಅವನು, ಮೂವರಿಗೂ ಒಂದೇ ಕೋಣೆ. ಮಗಳು ದೊಡ್ಡವಳಾಗಿದ್ದಳು, ಅವಳು ಬಟ್ಟೆ ಬದಲಾಯಿಸುವಾಗಲೆಲ್ಲ ಅವನು ಹೊರಗೆ ಮೆಟ್ಟಿಲ ಮೇಲೆ ಹೋಗಿ ನಿಲ್ಲಬೇಕಿತ್ತು. ಈ ಊರಿನಲ್ಲಿದ್ದ ನಾದಿನಿ, "ಭಾವ, ಇಲ್ಲಿ ಬಾಡಿಗೆ ಅರ್ಧಕ್ಕರ್ಧ. ಎರಡು ಕೋಣೆ ಬೇರೆ. ಒಂದ್ಸಲ ಬಂದು ನೋಡಿ," ಎಂದು ಬೆನ್ನು ಹತ್ತಿದ್ದಳು.

"ಬಾಡಿಗೆ ಕಮ್ಮಿ ಅಂತ ಇಲ್ಲಿಗೇ ಬಂದ್ಬಿಡೋಣ ಅಂದ್ಕೊಂಡೆ," ಎಂದು ತನ್ನ ಊರು, ಕಸುಬು ಹೇಳಿದ.

ಅಂಗಡಿಯವನು ನಕ್ಕುಬಿಟ್ಟ. "ಒಳ್ಳೇ ಕತೆ! ಅಲ್ಲಿ ಇನ್ನೂರು ಸಿಗುತ್ತೆ ಅಂತ ನಾನೇ ನಿಮ್ಮೂರಿಗೆ ಹೊರಟಿದ್ದೀನಲ್ಲ!"

ಹೊರಗೆ ಬರುವಷ್ಟರಲ್ಲಿ ಹೆಂಡತಿಯ ಫೋನು.

"ಬಾಡಿಗೆ ಅರ್ಧ ತಾನೆ?"

"ಅರ್ಧ. ಕಟಿಂಗೂ ಅರ್ಧ."

"ಸಕ್ಕರೆ, ಎಣ್ಣೆ?"

"ಅದು ಅಲ್ಲೆಷ್ಟೋ ಇಲ್ಲೂ ಅಷ್ಟೇ."

"ಹಾಗಾದ್ರೆ ನಮಗೆ ಲಾಭವೋ, ನಷ್ಟವೋ?"

"ಅದೇ ಕಣೇ ತಲೆಗೆ ಹತ್ತುತ್ತಿಲ್ಲ."

"ಊರೋರ ತಲೆಯೆಲ್ಲ ನಿಮ್ಮ ಕೈಲಿ. ನಿಮ್ಮದು ಮಾತ್ರ..." ನಗಲು ಹೋದವಳು ದನಿ ತಗ್ಗಿಸಿದಳು. "ಮಗಳು ಪಕ್ಕದಲ್ಲೇ ಇದ್ದಾಳೆ. ಏನಂತ ಹೇಳ್ಲಿ?"

"ಇನ್ನೂ ಮನೆ ನೋಡಿಲ್ಲ ಅನ್ನು."

ನಾದಿನಿ ತೋರಿಸಿದ ಮನೆ ಮಹಡಿಯ ಮೇಲಿತ್ತು. ಒಳಕೋಣೆಯ ಬಾಗಿಲನ್ನು ಅವನು ಹಾಕಿ ನೋಡಿದ; ಚಿಲಕ ಗಟ್ಟಿಯಾಗಿತ್ತು. ಬಾಗಿಲ ಹಿಂದೆ ಒಬ್ಬನೇ ನಿಂತು, ಬಾಡಿಗೆಯಲ್ಲಿ ಉಳಿಯುವುದನ್ನು ಕೂಡಿಸಿದ, ಸಂಪಾದನೆಯಲ್ಲಿ ಇಳಿಯುವುದನ್ನು ಕಳೆದ. ನಡುವೆ ಎಣ್ಣೆ ಬಂದು ಎಲ್ಲ ಕಲಸಿಹೋಯಿತು. ಮತ್ತೆ ಮೊದಲಿಂದ ಶುರುಮಾಡಿದ.

ಕೆಳಗಿಳಿದಾಗ ಮನೆಯೊಡತಿ ಅಜ್ಜಿ ತಡೆದಳು. "ಕಟಿಂಗ್ ಮಾಡ್ತೀಯಂತಲ್ಲಪ್ಪ? ನಮ್ಮನೆಯವರಿಗೆ ಅಂಗಡಿ ತನಕ ನಡೆಯೋಕಾಗಲ್ಲ. ಮೂರು ತಿಂಗಳ ಕೂದಲು."

ಕತ್ತರಿ, ಬಾಚಣಿಗೆ ಚೀಲದಲ್ಲೇ ಇದ್ದವು. ಅವಿಲ್ಲದೆ ಅವನು ಎಲ್ಲಿಗೂ ಹೋದವನಲ್ಲ. ಮುದುಕನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೊರಳಿಗೆ ಟವೆಲು ಸುತ್ತಿದ. ಕತ್ತರಿ ಆಡತೊಡಗಿದ ಮೇಲೆ ಲೆಕ್ಕ ನೆನಪಾಗಲಿಲ್ಲ.

"ಎಷ್ಟು ಕೊಡ್ಲಪ್ಪ?" ಅಜ್ಜಿ ಪರ್ಸು ತೆರೆದಳು.

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಗೆ ಅವನು ಯೋಚಿಸಿದ್ದೇ ಇಲ್ಲ. ಇನ್ನೂರು ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ನಾದಿನಿ ಅವನ ಮುಖವನ್ನೇ ನೋಡುತ್ತಿದ್ದಳು.

"ನೂರು," ಎಂದ.

ಮುದುಕ ಹಗುರಾದ ತಲೆಯ ಮೇಲೆ ಅಂಗೈ ಆಡಿಸಿಕೊಂಡ. ಹಿಂದಿನಿಂದ ಮುಂದಕ್ಕೆ, ಮತ್ತೆ ಮುಂದಿನಿಂದ ಹಿಂದಕ್ಕೆ, ಇದು ತನ್ನದೇ ಹೌದೋ ಅಲ್ಲವೋ ಎಂಬಂತೆ.