ಹೊಗೆ ಮೇಷ್ಟ್ರ ಹನ್ನೊಂದು ದಿನ

"ಬಾಗಿಲು ಬಿಚ್ಚದೆ ಗತಿಯಿಲ್ಲ," ಎನ್ನುತ್ತ ಕಾರ್ಖಾನೆಯ ಫಿಟ್ಟರ್ ಆಗಲೇ ಎರಡನೆಯ ಸ್ಕ್ರೂ ತಿರುಗಿಸುತ್ತಿದ್ದ. ಖಾಲಿ ಶವಪೆಟ್ಟಿಗೆ ಹೊಸಿಲಿನಲ್ಲಿ ಸಿಕ್ಕಿಕೊಂಡು ಒಳಗೂ ಬಾರದೆ ಹೊರಗೂ ಹೋಗದೆ ಮೊಂಡು ಹಿಡಿದಿತ್ತು. "ಮೇಷ್ಟ್ರು ಬದುಕಿದ್ದಿದ್ರೆ ಅಳತೆ ತಗೊಳ್ದೆ ಪೆಟ್ಟಿಗೆ ತರಿಸ್ತಿರ್ಲಿಲ್ಲ ನೋಡಿ!"

ಯಾರೋ ನಕ್ಕರು. ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

ಬಾಗಿಲು ಬೀಳದಂತೆ ಹಿಡಿದು ನಿಂತವಳು ಮೇಷ್ಟ್ರ ಸಹಾಯಕಿ. ಮುಳ್ಳಿನ ಮೇಲೆ ನಿಂತವಳಂತೆ ಕಾಲು ಬದಲಿಸುತ್ತಿದ್ದಳು. ತೀರಿಕೊಂಡವರು ಸಿಮೆಂಟ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಚಿಮಣಿಯ ಹೊಗೆ ಅಳೆದವರು. ಎಲ್ಲರ ಬಾಯಲ್ಲೂ ಹೊಗೆ ಮೇಷ್ಟ್ರು. ಮೊನ್ನೆ ಸಂಜೆ ಮನೆಗೆ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಮೊನ್ನೆಗೆ ಮುಗಿದ ತಿಂಗಳಲ್ಲಿ ಎಷ್ಟು ಇಂಗಾಲದ ಅನಿಲ ಹೊರಗೆ ಹೋಯಿತೆಂಬ ವರದಿಗೆ ಈಗ ಅವಳೇ ಸಹಿ ಹಾಕಬೇಕು. ಸರ್ಕಾರ ಕೊಟ್ಟ ಗಡುವು ಇವತ್ತು ಸಂಜೆ ಐದು ಗಂಟೆ.

ಬೆಳಿಗ್ಗೆ ರಜೆಯಿಂದ ಬಂದಿಳಿದವಳೇ ಆಫೀಸಿಗೆ ಓಡಿ ಮೇಷ್ಟ್ರ ಪುಸ್ತಕ ತೆರೆದಿದ್ದಳು. ಚಿಮಣಿಯ ನೆತ್ತಿಯ ಹತ್ತಿರ ಹೊಗೆ ಮೂಸುವ ಯಂತ್ರವೊಂದಿದೆ. ದಿನಕ್ಕೊಮ್ಮೆ ಮೇಲೆ ಹತ್ತಿ, ಪ್ರಮಾಣ ಮೊದಲೇ ಗೊತ್ತಿರುವ ಅನಿಲವನ್ನು ಅದಕ್ಕೆ ಮೂಸಿಸಿ, ಅದು ಸರಿಯಾದ ಉತ್ತರ ಹೇಳುತ್ತದೆಯೇ ಎಂದು ಪರೀಕ್ಷಿಸಬೇಕು. ನೂರಕ್ಕೆ ಹನ್ನೆರಡು ಪಾಲಿನ ಅನಿಲ ಕೊಟ್ಟರೆ ಅದು ಒಂದು ದಿನ 11.9 ಎನ್ನುತ್ತದೆ, ಮಾರನೆಯ ದಿನ 12.1. ಎರಡು ದಿನ ಒಂದೇ ಮಾತಿಗೆ ನಿಂತ ಯಂತ್ರವಲ್ಲ ಅದು. ಆದರೆ ಅವಳಿಲ್ಲದ ಹನ್ನೊಂದು ದಿನವೂ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಒಂದೇ ಅಂಕಿ: 12.0.

ಮೇಷ್ಟ್ರು ಮೇಲೆ ಹೋಗಿಯೇ ಇರಲಿಲ್ಲ. ಕೆಳಗೆ ಕೂತು ಬರೆದಿದ್ದರು.

ಪೆಟ್ಟಿಗೆ ಒಳಗೆ ಬಂತು. ಮ್ಯಾನೇಜರ್ ಅವಳನ್ನು ಮೂಲೆಗೆ ಕರೆದರು.

"ಕಳಿಸಿದ್ಯೇನಮ್ಮ?"

"ಇಲ್ಲ ಸಾರ್. ಆ ಹನ್ನೊಂದು ದಿನ..."

"ಅವರು ಬರೆದಿಟ್ಟು ಹೋಗಿದಾರಲ್ಲ, ಹಾಗೇ ಕಳಿಸು. ಪರೀಕ್ಷೆ ಆಗಿಲ್ಲ ಅಂದ್ರೆ ಅಷ್ಟೂ ದಿನಕ್ಕೆ ವರ್ಷದ ಅತಿ ಹೆಚ್ಚಿನ ಅಂಕಿ ಹಾಕ್ಬೇಕು. ದಂಡ ಬಿದ್ರೆ ಮೇಲಿನವರು ನನ್ನ ಚರ್ಮ ಸುಲೀತಾರೆ." ದನಿ ತಗ್ಗಿಸಿದರು. "ಅದೂ ಇರ್ಲಿ. ಕೆಡೋದು ಯಾರ ಹೆಸರು? ನಂದಲ್ಲ, ನಿಂದಲ್ಲ. ಅಲ್ಲಿ ಮಲಗಿದಾರಲ್ಲ, ಅವರದು."

ಅವಳಿಗೆ ಸಿಟ್ಟು ಬಂತು. ಆ ಮನುಷ್ಯ ಸ್ವಾರ್ಥಕ್ಕೇ ಆಡಿದ್ದರೂ ಮಾತು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು.

ಅತ್ತ ಕಡೆ, ವರ್ಷಕ್ಕೊಮ್ಮೆ ಹೊರಗಿನಿಂದ ಬಂದು ಅವರ ಲೆಕ್ಕ ಪರಿಶೀಲಿಸುತ್ತಿದ್ದ ಪರಿಶೀಲಕರು ಚಹಾದ ಲೋಟ ಹಿಡಿದು ನೆಂಟರಿಗೆ ಹೇಳುತ್ತಿದ್ದರು: "ನೂರಾರು ಕಾರ್ಖಾನೆ ನೋಡಿದೀನಿ. ಕಣ್ಣು ಮುಚ್ಚಿ ನಂಬಿದ್ದು ಇವರೊಬ್ಬರ ಪುಸ್ತಕಾನೇ."

* * *

ಹದಿಮೂರು ದಿನದ ಹಿಂದೆ ಅವಳು ರಜೆಯ ಚೀಟಿ ಹಿಡಿದು ಮೇಷ್ಟ್ರ ಮೇಜಿನ ಮುಂದೆ ನಿಂತಿದ್ದಳು. ಊರಲ್ಲಿ ತಾಯಿಯ ಕಣ್ಣಿನ ಆಪರೇಷನ್.

"ಹೋಗಿ ಬಾ ಮರಿ. ಇನ್ನೂರ ಹನ್ನೆರಡು ಮೆಟ್ಟಿಲು ತಾನೇ? ನೀನು ಹುಟ್ಟೋಕೆ ಮುಂಚೆಯಿಂದ ಹತ್ತಿದೀನಿ."

"ನಿಮಗೆ ಉಬ್ಬಸ ಸಾರ್."

"ಉಬ್ಬಸ ನನಗೆ, ಮೆಟ್ಟಿಲಿಗಲ್ಲ."

ಎರಡು ವರ್ಷದಿಂದ ಹತ್ತುತ್ತಿದ್ದವಳು ಅವಳೇ. ಬೇರೆ ಯಾರನ್ನಾದರೂ ಕೊಡಿ ಎಂದು ಮ್ಯಾನೇಜರನ್ನು ಕೇಳಬಹುದಿತ್ತು. ಕೇಳಿದರೆ ರಜೆಗೇ ಕಲ್ಲು ಬೀಳುತ್ತದೆಂದು ಸುಮ್ಮನಾದಳು. ಗೊತ್ತಿದ್ದೂ ಹೋದಳು.

ಕೆಲಸಕ್ಕೆ ಸೇರಿದ ಮೊದಲ ವಾರ ಅದೇ ಮೇಷ್ಟ್ರು ಅವಳ ಪೆನ್ನು ಹಿಡಿದು ನಿಲ್ಲಿಸಿದ್ದರು. "ಅಂದಾಜಿಗೆ ಬರೀಬೇಡ. ಅಳತೆ ಸಿಗದಿದ್ರೆ ಸಿಗ್ಲಿಲ್ಲ ಅಂತ ಬರಿ. ಅದೂ ಒಂದು ಅಳತೆಯೇ."

* * *

ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರು. ಅವಳು ವಿಷಯ ಹೇಳಿದಳು. ಅವರು ತಿರುಗಲಿಲ್ಲ.

"ನಂಗೆ ಗೊತ್ತು. ಶೂ ಲೇಸು ಕಟ್ಟೋಕೇ ಏದುಸಿರು ಬಿಡ್ತಿದ್ದೋರು ಚಿಮಣಿ ಹತ್ತಿರ್ತಾರಾ? ಕೇಳಿದ್ರೆ ಊಟ ಬಿಟ್ಟು ಎದ್ದು ಹೋಗೋರು."

"ಸಹಿ ನಂದಮ್ಮ. ನನ್ನ ಕೈಲಿ..."

"ಇಪ್ಪತ್ತೆಂಟು ವರ್ಷ ಮಾಡಿದ್ದು ಬಿಟ್ಟು ಹನ್ನೊಂದು ದಿನ ಮಾಡದೇ ಇದ್ದದ್ದನ್ನ ಬರೀತೀಯಾ?" ಈಗ ತಿರುಗಿದರು. ಕಣ್ಣು ಒಣಗಿತ್ತು. "ಮಗಳ ಥರ ನೋಡ್ಕೊಂಡ್ರಲ್ಲೇ ನಿನ್ನ. ಮಣ್ಣಿಗೆ ಹೋಗೋ ದಿನಾನಾದ್ರೂ ಸುಮ್ನಿರಬಾರ್ದಾ?"

ಉಗುಳಲಾರದ, ನುಂಗಲಾರದ ತುತ್ತು. ಅವಳು ಒಂದು ಲೋಟ ತೆಗೆದುಕೊಂಡು ಒರೆಸಿದಳು. ಅದು ಒದ್ದೆಯಾಗಿಯೇ ಉಳಿಯಿತು.

ಸ್ಮಶಾನದಲ್ಲಿ ಅವಳು ಮೂರು ಸಲ ಗಡಿಯಾರ ನೋಡಿದಳು. ಎರಡೂವರೆ. ಮೂರಕ್ಕೆ ಹತ್ತು ನಿಮಿಷ. ಪೆಟ್ಟಿಗೆ ಕೆಳಗಿಳಿಯುವಾಗ ಫಿಟ್ಟರ್ ಅಭ್ಯಾಸಬಲದಿಂದ "ನಿಧಾನ, ನಿಧಾನ, ಎಡಕ್ಕೆ," ಎಂದ. ಆಗ ಅಳು ಬಂತು. ಅಳು ನಿಂತಾಗ ಮೂರೂಕಾಲು. ಪರಿಶೀಲಕರು ಗೇಟಿನ ಹೊರಗೆ ಕಾರಿನ ಬೀಗದ ಕೈ ಹುಡುಕುತ್ತಿದ್ದರು.

"ಸಾರ್, ಹನ್ನೊಂದು ದಿನ ಪರೀಕ್ಷೆ ಆಗಿಲ್ಲ. ಪುಸ್ತಕದಲ್ಲಿರೋದು ಸುಳ್ಳು."

ಅವರು ಒಮ್ಮೆ ಹಸಿ ಮಣ್ಣಿನ ಕಡೆ ನೋಡಿದರು. "ಕಾರಣ?"

"ಅವರಿಗೆ ಹತ್ತೋಕೆ ಆಗ್ಲಿಲ್ಲ. ಹತ್ತಬೇಕಾದೋಳು ನಾನು, ಅವರ ಸ್ಥಿತಿ ಗೊತ್ತಿದ್ದೂ ರಜೆ ಹೋದೆ. ಅದನ್ನೂ ಬರೀತೀನಿ."

ಅವರು ಕೊನೆಗೂ ಸಿಕ್ಕ ಬೀಗದ ಕೈಯನ್ನು ಅಂಗೈಯಲ್ಲಿ ತಿರುವಿದರು. "ಬರಿಯಮ್ಮ. ಕಣ್ಣು ಮುಚ್ಚಿ ನಂಬಿದ್ದು ನಂದೂ ತಪ್ಪು."

ಗೇಟಿನ ಕಟ್ಟೆಯ ಮೇಲೆ ಕೂತು ಅವಳು ಫೋನಿನಲ್ಲೇ ವರದಿ ತಿದ್ದಿ ಕಳಿಸಿದಳು. ಮ್ಯಾನೇಜರ್ ಮುಖ ಸಿಂಡರಿಸಿಕೊಂಡು ಕಾರು ಹತ್ತಿದರು. ಮೇಷ್ಟ್ರ ಹೆಂಡತಿ ಮುಖ ತಿರುಗಿಸಿಕೊಂಡು ಅವಳ ಪಕ್ಕದಲ್ಲೇ ಹಾದುಹೋದರು. ಅದು ಅವಳಿಗೆ ಎದೆಗೆ ಒದ್ದಷ್ಟು ನೋವಾಯಿತು.

ಇವತ್ತಿನ ಪರೀಕ್ಷೆ ಇನ್ನೂ ಬಾಕಿಯಿತ್ತು. ಮನೆಗೆ ಹೋಗಲೂ ಮನಸ್ಸಿಲ್ಲದೆ, ಸ್ಮಶಾನದ ಮಣ್ಣು ಮೆತ್ತಿದ ಚಪ್ಪಲಿ ಬಿಚ್ಚಿಟ್ಟು ಸೇಫ್ಟಿ ಶೂ ಹಾಕಿಕೊಂಡು ಚಿಮಣಿಯ ಬುಡಕ್ಕೆ ಬಂದಳು. ಆ ಮೆಟ್ಟಿಲಿನ ಕಡೆ ಅವಳನ್ನೂ ಮೇಷ್ಟ್ರನ್ನೂ ಬಿಟ್ಟು ಯಾರೂ ಸುಳಿಯುತ್ತಿರಲಿಲ್ಲ.

ಒಂಬತ್ತನೆಯ ಮೆಟ್ಟಿಲಲ್ಲಿ ಅವಳ ಕಾಲು ನಿಂತಿತು. ಪಕ್ಕದ ಕಾಂಕ್ರೀಟಿನ ಮೇಲೆ, ಕಬ್ಬಿಣಕ್ಕೆ ಗುರುತು ಹಾಕುವ ಹಳದಿ ಬಳಪದಲ್ಲಿ ಒಂದು ಅಡ್ಡಗೆರೆ. ಗೆರೆಯ ಮೇಲೆ ದುಂಡನೆಯ ಅಕ್ಷರದಲ್ಲಿ ಮೊನ್ನೆಯ ತಾರೀಖು, ಹೊತ್ತು, ಮುಂದೆ '9'.

ಹದಿನೇಳನೆಯದರ ಪಕ್ಕದಲ್ಲಿ ಅದರ ಹಿಂದಿನ ದಿನ. ಮೂವತ್ತನೆಯದರಲ್ಲಿ ಅದಕ್ಕೂ ಹಿಂದಿನ ದಿನ. ಅವಳು ಬೇಗ ಬೇಗ ಹತ್ತತೊಡಗಿದಳು. ನಲವತ್ನಾಲ್ಕು. ಐವತ್ತೆಂಟು. ಹತ್ತಿದಷ್ಟೂ ತಾರೀಖು ಹಿಂದಕ್ಕೆ ಹೋಗುತ್ತಿತ್ತು, ನಡುಗುತ್ತಿದ್ದ ಗೆರೆ ನೆಟ್ಟಗಾಗುತ್ತಿತ್ತು. ಒಂದು ದಿನವನ್ನೂ ಮೇಷ್ಟ್ರು ಬಿಟ್ಟಿರಲಿಲ್ಲ.

ನೂರ ಮೂವತ್ತೊಂದನೆಯ ಮೆಟ್ಟಿಲಲ್ಲಿ ಹನ್ನೊಂದನೆಯ ಗೆರೆ, ಅವಳು ರಜೆ ಹೋದ ಮೊದಲ ದಿನದ್ದು. ಅದರ ಪಕ್ಕದಲ್ಲಿ, ಗೋಡೆಗೆ ಮೆತ್ತಿದ ಸಿಮೆಂಟಿನ ದೂಳಿನಲ್ಲಿ, ಐದು ಬೆರಳೂ ಅಗಲಿಸಿ ಒತ್ತಿ ನಿಂತ ಒಂದು ಅಂಗೈಯ ಗುರುತು.