ಮೇಸ್ತ್ರಿಯ ಅಂಗಿ

"ನಿನ್ನೆ ಗಂಡನ್ನ ಹೂತಾಯ್ತಲ್ಲ, ಇವತ್ತು ಕೈನೂ ಹೂಳ್ಬೇಕೇನೇ? ಏಳು."

ಬಾಗಿಲಲ್ಲಿ ಮೇಸ್ತ್ರಿ ಕಾಸಿಮಿರೊ. ಹೊರಗೆ ಎಂದಿನ ಗೊಬ್ಬರದ ವಾಸನೆ. ಹೆಂಗಸರು ಅಣಬೆ ಶೆಡ್ಡಿಗೆ ಹೊರಟಿದ್ದರು. ನಾನು ಕೂದಲ ಎಳೆಯೊಂದನ್ನು ಹಲ್ಲಲ್ಲಿ ಕಚ್ಚಿಕೊಂಡು ಬಲಗೈಯಿಂದ ಜಡೆ ಹೆಣೆಯಲು ನೋಡುತ್ತಿದ್ದೆ. ಎರಡು ತಿಂಗಳಿಂದ ಜಡೆ ಹಾಕುತ್ತಿದ್ದವನು ನನ್ನ ಗಂಡ ಫೆರ್ಮಿನ್.

ಶೆಡ್ಡಿಗೆ ಹೊಡೆದ ಔಷಧದ ಘಾಟಿಗೆ ನಾನು ವಾಂತಿ ಮಾಡಿ ಬಿದ್ದಾಗ, ಕಂಪನಿಯ ನರ್ಸು ಎಡಗೈಗೆ ಡ್ರಿಪ್ ಹಾಕಿದಳು. ಸೂಜಿ ನರ ತಪ್ಪಿ ಮದ್ದು ಮಾಂಸಕ್ಕೆ ಸೋರುತ್ತಿತ್ತು. ಉರಿಯುತ್ತಿದೆ ಎಂದೆ. ಎರಡು ಸಲ. ನಿಮ್ಮೂರಲ್ಲಿ ಸೂಜಿ ಕಂಡಿಲ್ಲವೇ ಎಂದು ನಕ್ಕಳು. ಮರುದಿನ ತೋಳು ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಸತ್ತ ಮಾಂಸ ಕೊರೆದು ತೊಡೆಯ ಚರ್ಮ ಹೊಲಿದರು. ಬೆರಳುಗಳು ಮಡಚಲು ಮರೆತವು. ಫೆರ್ಮಿನ್ ದಿನವೂ ಒಂದೊಂದನ್ನೇ ಹಿಡಿದು ಮಡಚುತ್ತಿದ್ದ. ಕಿರುಬೆರಳು ಮಾತ್ರ ಅರ್ಧದವರೆಗೆ ಬಂದಿತ್ತು.

ಶೆಡ್ಡಿಗೆ ಬಾರದವರಿಗೆ ಕಂಪನಿಯ ಕೋಣೆಯಿಲ್ಲ. ಹಾಗಾಗಿ ನಾನು ಹೋಗಿ ನಿಲ್ಲುತ್ತಿದ್ದೆ, ನನ್ನ ಪಾಲಿನ ಅಣಬೆಯನ್ನೂ ಅವನೇ ಕೀಳುತ್ತಿದ್ದ. ಬ್ಯಾಂಡೇಜು ಸುತ್ತಿದ ತೋಳು ನನ್ನ ಯಾವ ಅಂಗಿಯಲ್ಲೂ ತೂರುತ್ತಿರಲಿಲ್ಲ. ಅವನು ಡೊಳ್ಳುಹೊಟ್ಟೆಯ ಮೇಸ್ತ್ರಿಯದೊಂದು ತುಂಬುತೋಳಿನ ಅಂಗಿ ಬೇಡಿ ತಂದ.

"ನನ್ ಅಂಗೀಲಿ ನಿನ್ ಹೆಂಡ್ತಿ ಭೇಷಾಗ್ ಕಾಣ್ತಾಳೆ ಕಣೋ," ಎಂದ ಮೇಸ್ತ್ರಿ, ಎಲ್ಲರೆದುರು.

ಫೆರ್ಮಿನ್ ನಕ್ಕ. ಆ ನಗುವಿಗಾಗಿ ಮೂರು ದಿನ ಅವನೊಡನೆ ಮಾತು ಬಿಟ್ಟಿದ್ದೆ. ನಾಲ್ಕನೆಯ ದಿನ ಅವನು ಶೆಡ್ಡಿನಲ್ಲಿ ಅಣಬೆ ಬೆಳೆಯುವ ಆರನೆಯ ಅಟ್ಟದಿಂದ ಬಿದ್ದ. ಬೀಳುವಾಗ ನಿದ್ದೆಯಲ್ಲಿದ್ದ ಎಂದರು ಕಂಡವರು.

ಇವತ್ತು ಅವನ ಸಾವನ್ನು ವಿಚಾರಿಸಲು ಸರ್ಕಾರದವಳು ಬಂದಿದ್ದಾಳೆ, ತೋಳು ಕಾಣದಂತೆ ಆ ಅಂಗಿ ಹಾಕಿಕೊಂಡು ಬಾ ಎಂದ ಬಾಗಿಲಲ್ಲಿದ್ದ ಮೇಸ್ತ್ರಿ. ಬಾಯಿ ಬಿಟ್ಟರೆ ಸಂಜೆಗೆ ಕೋಣೆ ಖಾಲಿ ಎಂದ.

ಆಫೀಸಿನಲ್ಲಿ ಆಕೆ ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮ ಭಾಷೆಗೆ ತಿರುಗಿಸಿ ಹೇಳುವವನು ಮೇಸ್ತ್ರಿಯೇ.

"ನಿನ್ ಗಂಡ ಭಾಳ ಒಳ್ಳೇವ್ನಂತೆ, ಹೌದಾ ಅಂತಿದಾರೆ ಕಣಮ್ಮ. ಹೂಂ ಅಂತ ತಲೆ ಆಡ್ಸು."

ಆಕೆ ಕೇಳಿದ್ದು ಬೇರೆ: ಇಲ್ಲಿ ಇನ್ಯಾರಿಗೂ ಪೆಟ್ಟಾಗಿಲ್ಲ ತಾನೆ? ನಮ್ಮೂರು ಓಹಾಕಾದ ವಿಶ್ವವಿದ್ಯಾಲಯದಲ್ಲಿ ನಾನು ನಾಲ್ಕು ವರ್ಷ ಓದಿದ್ದು ಇಂಗ್ಲಿಷನ್ನೇ. ಮೇಸ್ತ್ರಿಗೆ ಅದು ತಿಳಿಯದು. ಇಲ್ಲಿ ಯಾರೂ ಕೇಳಿರಲಿಲ್ಲ.

ನಾನು ತಲೆಯಾಡಿಸಲಿಲ್ಲ. ಗುಂಡಿ ಬಿಚ್ಚತೊಡಗಿದೆ. ಆರು ಗುಂಡಿ, ಒಂದು ಕೈ. ಬಹಳ ಹೊತ್ತು ಹಿಡಿಯಿತು. ಒಳಗೆ ಫೆರ್ಮಿನ್‌ನ ತೋಳಿಲ್ಲದ ಬನಿಯನ್ನಿತ್ತು. ಬ್ಯಾಂಡೇಜನ್ನೂ ಬಿಚ್ಚಿದೆ. ಆಕೆಯ ಪೆನ್ನು ನಿಂತಿತು.

ಅಂಗಿಯನ್ನು ಮೇಸ್ತ್ರಿಯ ತೊಡೆಯ ಮೇಲಿಟ್ಟೆ.

"ಅವ್ನು ಇಸ್ಕೊಂಡಿದ್ದ. ತಗೋ."